ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ಆಪರೇಷನ್ ಆದಮೇಲೆ ಶ್ವಾಸಕೋಶ ಕಾಪಾಡುವುದು ಹೇಗೆ: ಮನೆಯವರಿಗೆ ಒಂದು ಕೈಪಿಡಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿ ಕಡೆಯವರು ಗರ್ಭಕೋಶ, ಗರ್ಭಕಂಠ ಅಥವಾ ಅಂಡಾಶಯದ ಕ್ಯಾನ್ಸರಿನ ದೊಡ್ಡ ಆಪರೇಷನ್ನಿಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಥವಾ ಬೆಂಗಳೂರಿಗೆ ಹೋಗುವುದೇ ಹೆಚ್ಚು. ಕೊಯ್ಯುವುದು ಅಲ್ಲಿ, ಮಾಯುವುದು ಇಲ್ಲಿ. ಡಾಕ್ಟರು, ನರ್ಸು ದಿನಾ ಕಣ್ಣಿಡುವುದು ಸುಮಾರು ಒಂದು ವಾರ. ಅದರ ಮುಂದಿನ ಮೂರು ವಾರ ಕಣ್ಣಿಡಬೇಕಾದವರು ಮನೆಯವರು. ಶ್ವಾಸಕೋಶದ ತೊಂದರೆ ಈ ಎರಡೂ ಅವಧಿಯಲ್ಲಿ ಬರಬಹುದು, ಬೇರೆ ಬೇರೆ ರೂಪದಲ್ಲಿ.

ಹೊಟ್ಟೆ ಕೊಯ್ಸಿಕೊಂಡು ಬಂದ ಹೆಂಗಸನ್ನು ನಮ್ಮ ಕಡೆ ಬಾಣಂತಿಯ ಹಾಗೆ ನೋಡಿಕೊಳ್ಳುತ್ತಾರೆ. ಕಿಟಕಿ ಮುಚ್ಚಿದ ಕೋಣೆ, ಮೈತುಂಬ ಹೊದಿಕೆ, ಮಲಗಿದಲ್ಲಿಗೇ ಗಂಜಿ, ಕಾಲು ನೀವಿ ಎಣ್ಣೆ ಹಚ್ಚುವುದು. ಎಲ್ಲವೂ ಅಕ್ಕರೆಯಿಂದಲೇ ಮಾಡುವುದು. ಆದರೆ ಈ ಆಪರೇಷನ್ ಆದವರ ಶ್ವಾಸಕೋಶಕ್ಕೆ ಇದರಷ್ಟು ಕೆಟ್ಟ ಆರೈಕೆ ಇನ್ನೊಂದಿಲ್ಲ. ಇವರನ್ನು ಎಬ್ಬಿಸಿ ಕೂರಿಸಬೇಕು, ನಡೆಸಬೇಕು, ಗಂಟೆಗೊಮ್ಮೆ ಉಸಿರು ತುಂಬ ಎಳೆಸಬೇಕು.

ಒಳಗೆ ಆಗುವುದೇನು

ಪೂರ್ತಿ ಪ್ರಜ್ಞೆ ತಪ್ಪಿಸುವ ಅನಸ್ತೇಷಿಯಾ ಕೊಟ್ಟ ಕೂಡಲೇ ಎದೆಯ ಸ್ನಾಯು, ವಪೆ ಎರಡೂ ಸಡಿಲವಾಗುತ್ತವೆ. ಎದೆ ಮತ್ತು ಹೊಟ್ಟೆಯ ನಡುವೆ ಕೊಡೆಯ ಹಾಗೆ ಹರಡಿರುವ ಸ್ನಾಯುವೇ ವಪೆ. ಉಸಿರಾಟದ ಬಹುಪಾಲು ಕೆಲಸ ಅದರದ್ದು. ಅದು ಸಡಿಲವಾದಾಗ ಕರುಳು, ಯಕೃತ್ತು ಎಲ್ಲ ಅದನ್ನು ಮೇಲಕ್ಕೆ ದೂಡುತ್ತವೆ. ಶ್ವಾಸಕೋಶದ ಬುಡದಲ್ಲಿ, ಬೆನ್ನಿನ ಕಡೆ ಇರುವ ಗಾಳಿಗೂಡುಗಳು ಮುದುಡಿಕೊಳ್ಳುತ್ತವೆ. ವೈದ್ಯರು ಇದನ್ನು ಅಟೆಲೆಕ್ಟಾಸಿಸ್ ಎನ್ನುತ್ತಾರೆ. ಅನಸ್ತೇಷಿಯಾ ಪಡೆದ 100 ಜನರಲ್ಲಿ ಸುಮಾರು 90 ಜನರಿಗೆ ಇದು ಅಷ್ಟೋ ಇಷ್ಟೋ ಆಗುತ್ತದೆ. ಎಚ್ಚರವಾದಮೇಲೆ ಗೂಡುಗಳು ಮತ್ತೆ ಬಿಚ್ಚಿಕೊಳ್ಳಬೇಕು. ನೋವಿಗೆ ಹೆದರಿ ಮೇಲುಸಿರಷ್ಟೇ ಬಿಡುತ್ತ, ಕೆಮ್ಮದೆ ಮಲಗಿದರೆ ಬಿಚ್ಚುವುದಿಲ್ಲ. ಕಫ ಅಲ್ಲೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಅದು ಹೆಚ್ಚಾಗಿ ಎರಡನೇ ದಿನದಿಂದ ಐದನೇ ದಿನದೊಳಗೆ ತಲೆದೋರುತ್ತದೆ.

ಸ್ತ್ರೀರೋಗ ಕ್ಯಾನ್ಸರಿನಲ್ಲಿ ಇದರ ಮೇಲೆ ಇನ್ನೂ ಕೆಲವು ಹೊರೆಗಳಿವೆ. ಅಂಡಾಶಯದ ಕ್ಯಾನ್ಸರಿನಲ್ಲಿ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆಪರೇಷನ್ನಿಗೆ ಮೊದಲೇ ವಪೆ ಮೇಲಕ್ಕೆ ಒತ್ತಿಕೊಂಡಿರುತ್ತದೆ. ಗಾಯ ಹೊಕ್ಕುಳ ದಾಟಿ ಮೇಲೆ ಹೋದಷ್ಟೂ ಉಸಿರಿಗೆ ಕಷ್ಟ ಹೆಚ್ಚು. ಗಡ್ಡೆ ವಪೆಗೆ ಅಂಟಿದ್ದು ಅದನ್ನು ಕೆರೆದು ತೆಗೆದಿದ್ದರೆ, ಅದೇ ಬದಿಯ ಶ್ವಾಸಕೋಶದ ಸುತ್ತ ನೀರು ಸೇರಬಹುದು. ಇದು ಬಲಭಾಗದಲ್ಲಿ ಹೆಚ್ಚು. ಸ್ವಲ್ಪ ನೀರಾದರೆ ತಾನೇ ಆರುತ್ತದೆ, ಹೆಚ್ಚಾದರೆ ಸೂಜಿ ಅಥವಾ ನಳಿಕೆ ಹಾಕಿ ತೆಗೆಯಬೇಕಾಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಆಗುವ ಮೊದಲು 'ವಪೆಯನ್ನು ಮುಟ್ಟಿದ್ದೀರಾ?' ಎಂದು ಕೇಳಿಯೇ ಬನ್ನಿ. ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ನೋವು ಕಡಿಮೆ, ಶ್ವಾಸಕೋಶದ ತೊಂದರೆಯೂ ಕಡಿಮೆ. ಆದರೂ ಗಂಟೆಗಟ್ಟಲೆ ತಲೆ ಕೆಳಗೆ ಮಾಡಿ, ಹೊಟ್ಟೆಗೆ ಗಾಳಿ ತುಂಬಿ ಮಾಡುವುದರಿಂದ ಗಾಳಿಗೂಡು ಮುದುಡುವುದು ಅಲ್ಲೂ ತಪ್ಪಿದ್ದಲ್ಲ.

ಎಲ್ಲಕ್ಕಿಂತ ಅಪಾಯದ್ದು ರಕ್ತದ ಹೆಪ್ಪು. ಕ್ಯಾನ್ಸರ್ ಇದ್ದಾಗ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಸೊಂಟದೊಳಗಿನ ರಕ್ತನಾಳಗಳ ಪಕ್ಕದಲ್ಲೇ ಆಪರೇಷನ್ ನಡೆದಿರುತ್ತದೆ. ಮೇಲಿಂದ ಮಲಗಿಯೇ ಇರುವುದು. ಮೀನಖಂಡದಲ್ಲೋ ತೊಡೆಯಲ್ಲೋ ಕಟ್ಟಿದ ಹೆಪ್ಪು ಬಿಡಿಸಿಕೊಂಡು ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರಬಹುದು. ಇದು ಮನೆಗೆ ಬಂದ ಮೇಲೆ, ಮೂರನೇ ನಾಲ್ಕನೇ ವಾರದಲ್ಲೂ ಆಗುತ್ತದೆ. ಹೊಲಿಗೆ ಬಿಚ್ಚಿಯಾಯ್ತು, ಇನ್ನು ಭಯವಿಲ್ಲ ಎಂದುಕೊಳ್ಳುವ ಹೊತ್ತಿಗೇ.

ಆಪರೇಷನ್ನಿಗೆ ಮೊದಲು

ಉಸಿರಾಟದ ಅಭ್ಯಾಸವನ್ನು ಆಪರೇಷನ್ನಿಗೆ ಮೊದಲೇ ಕಲಿಸಿ. ನೋವಿನಲ್ಲಿ, ಮಂಪರಿನಲ್ಲಿ ಹೊಸದನ್ನು ಕಲಿಯಲು ಯಾರಿಗೂ ಆಗುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಮೇಲ್ಹೊಟ್ಟೆಯ ದೊಡ್ಡ ಆಪರೇಷನ್ ಆಗುವ 441 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಫಿಸಿಯೋಥೆರಪಿಸ್ಟ್ ಬಳಿ ಒಂದೇ ಒಂದು ಸಲ, ಅರ್ಧ ಗಂಟೆ ಕಲಿತವರಲ್ಲಿ ಶ್ವಾಸಕೋಶದ ತೊಂದರೆ ಅರ್ಧಕ್ಕರ್ಧ ಇಳಿಯಿತು. ಅರ್ಧ ಗಂಟೆಗೆ ಇಷ್ಟು ಫಲ ಕೊಡುವ ಬೇರೆ ಉಪಾಯ ನಮಗೆ ಗೊತ್ತಿಲ್ಲ. ಅಡ್ಮಿಟ್ ಆದ ದಿನವೇ 'ಫಿಸಿಯೋದವರನ್ನು ಕರೆಸಿ' ಎಂದು ಕೇಳಿ.

ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ ನಾಲ್ಕು ವಾರ ಮೊದಲೇ ಬಿಟ್ಟರೆ ಒಳ್ಳೆಯದು. ಅಷ್ಟು ಸಮಯ ಇಲ್ಲದಿದ್ದರೂ ಇವತ್ತೇ ಬಿಡಿಸಿ. ನಮ್ಮ ಕಡೆಯ ಹೆಂಗಸರಲ್ಲಿ ಬೀಡಿಗಿಂತ ಹೆಚ್ಚು ಕಾಣುವುದು ಕವಳ (ಎಲೆ ಅಡಿಕೆ) ಮತ್ತು ಒಲೆಯ ಹೊಗೆ. ತಂಬಾಕಿನ ಕವಳ ಹಾಕುವವರ ಬಾಯಿ, ಒಸಡು ಗಲೀಜಾಗಿದ್ದರೆ ಅಲ್ಲಿನ ರೋಗಾಣು ಮಂಪರಿನಲ್ಲಿ ಶ್ವಾಸನಾಳಕ್ಕೆ ಇಳಿಯುತ್ತದೆ. ಆಸ್ಪತ್ರೆಯ ನ್ಯುಮೋನಿಯಾಕ್ಕೆ ಇದೊಂದು ಮುಖ್ಯ ಕಾರಣ. ದಿನಕ್ಕೆ ಎರಡು ಸಲ ಬ್ರಶ್ ಆಗಲೇಬೇಕು. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ, ಬಚ್ಚಲ ಹಂಡೆಗೆ ಬೆಂಕಿ ಹಾಕುತ್ತ ಹೊಗೆ ಕುಡಿದವರಿಗೆ ಬೀಡಿ ಸೇದದಿದ್ದರೂ ಶ್ವಾಸನಾಳ ಕೆಟ್ಟಿರಬಹುದು. 'ಸಿಗರೇಟು ಸೇದುತ್ತಾರಾ?' ಎಂದು ಕೇಳಿದಾಗ 'ಇಲ್ಲ' ಎಂದು ನಿಲ್ಲಿಸಬೇಡಿ. ಒಲೆಯ ಹೊಗೆಯ ವಿಷಯವನ್ನೂ ಅನಸ್ತೇಷಿಯಾ ಡಾಕ್ಟರಿಗೆ ಹೇಳಿ.

ಇನ್ನೊಂದು ವಿಷಯವನ್ನು ಮರೆಯದೆ ಹೇಳಬೇಕು. ಎಳೆ ವಯಸ್ಸಿನವರ ಅಂಡಾಶಯದ ಕೆಲವು ಗಡ್ಡೆಗಳಿಗೆ ಬ್ಲಿಯೋಮೈಸಿನ್ ಎಂಬ ಕೀಮೋ ಕೊಡುತ್ತಾರೆ. ಅದು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಔಷಧ. ಅದನ್ನು ಪಡೆದವರಿಗೆ ಮುಂದೆ ಯಾವ ಆಪರೇಷನ್ ಇದ್ದರೂ ಆಕ್ಸಿಜನ್ ಎಷ್ಟು ಕೊಡಬೇಕೆಂಬುದರಲ್ಲಿ ಎಚ್ಚರ ಬೇಕು. ಹಳೆಯ ಕೀಮೋ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಒಯ್ಯಿರಿ. ಆಸ್ತಮಾ ಇದ್ದರೆ ಇನ್‌ಹೇಲರನ್ನು ಆಪರೇಷನ್ ದಿನ ಬೆಳಿಗ್ಗೆಯೂ ತಪ್ಪಿಸಬಾರದು. ಹಾರ್ಮೋನು ಮಾತ್ರೆ, ಆಯುರ್ವೇದ, ನಾಟಿ ಔಷಧ ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಿ.

ಆಪರೇಷನ್ ಆದ ದಿನದಿಂದ

ಮೊದಲು ನೋವು. ನೋವಿದ್ದರೆ ಉಸಿರು ಒಳಗೆ ಹೋಗುವುದಿಲ್ಲ, ಕೆಮ್ಮು ಹೊರಗೆ ಬರುವುದಿಲ್ಲ. 'ತಡೆದುಕೊಳ್ಳುತ್ತೇನೆ, ಪರವಾಗಿಲ್ಲ' ಎನ್ನುವ ಆಯಿಯ ಮಾತು ಕೇಳಿ ಸುಮ್ಮನಿರಬೇಡಿ. ದೊಡ್ಡ ಉಸಿರು ಎಳೆದಾಗ, ಕೆಮ್ಮಿದಾಗ ನೋವೆಷ್ಟು ಎಂದು ಕೇಳಿ. ಮಲಗಿದ್ದಾಗಿನ ನೋವಿನ ಲೆಕ್ಕದಿಂದ ಏನೂ ತಿಳಿಯದು. ಉಸಿರು ಹಿಡಿಯುವಷ್ಟು ನೋವಿದ್ದರೆ ನರ್ಸಿಗೆ ಹೇಳಿ ಔಷಧ ಪಡೆದು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಅಭ್ಯಾಸ ಮಾಡಿಸಿ.

ಉಸಿರಿನ ಅಭ್ಯಾಸ ಹೀಗೆ. ಬೆನ್ನು ನೆಟ್ಟಗೆ ಕೂರಿಸಿ. ಮೂಗಿನಿಂದ ನಿಧಾನ, ಪಕ್ಕೆಲುಬು ಹಿಗ್ಗುವ ಹಾಗೆ ಉಸಿರು ಎಳೆದು, 3ರಿಂದ 5 ಸೆಕೆಂಡು ಹಿಡಿದು, ಬಾಯಿಯಿಂದ ಸಾವಕಾಶ ಬಿಡಬೇಕು. ಇಂಥ 10 ಉಸಿರು, ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ. ನಡುವೆ ತಲೆ ತಿರುಗಿದರೆ ನಾಲ್ಕೈದು ಮಾಮೂಲಿ ಉಸಿರು ಬಿಟ್ಟು ಮುಂದುವರಿಸಿ.

ಆಸ್ಪತ್ರೆಯಲ್ಲಿ ಉಸಿರು ಎಳೆಯುವ ಅಭ್ಯಾಸಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಎಂಬ ಸಾಧನ ಕೊಡುತ್ತಾರೆ. ಇದರಲ್ಲಿ ಮಾಡುವಷ್ಟು ತಪ್ಪು ಬೇರೆ ಯಾವುದರಲ್ಲೂ ಮಾಡುವುದಿಲ್ಲ. ಮೊದಲ ತಪ್ಪು, ಊದುವುದು. ಅದು ಬಲೂನಲ್ಲ, ಎಳನೀರಿಗೆ ಕೊಳವೆ ಹಾಕಿ ಹೀರಿದ ಹಾಗೆ ಹೀರಬೇಕು. ಎರಡನೆಯದು, ಮೂರೂ ಚೆಂಡು ಟಪ್ಪೆಂದು ಮೇಲೆ ಹಾರಿಸುವ ಹುಮ್ಮಸ್ಸು. ಚೆಂಡುಗಳ ಮೇಲೆ ಬರೆದ 600, 900, 1200 ಎಂಬ ಅಂಕಿ ಸೆಕೆಂಡಿಗೆ ಎಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಒಳಗೆ ಹೋಗುತ್ತಿದೆ ಎಂಬುದನ್ನು ತೋರಿಸುತ್ತದೆ, ಒಟ್ಟು ಎಷ್ಟು ಗಾಳಿ ಹೋಯಿತೆಂದಲ್ಲ. ಜೋರಾಗಿ ಒಂದು ಕ್ಷಣ ಹೀರಿದರೆ ಮೂರೂ ಏರುತ್ತವೆ, ಶ್ವಾಸಕೋಶದ ಬುಡ ಮಾತ್ರ ಮುದುಡಿದ ಹಾಗೇ ಇರುತ್ತದೆ. ಮೊದಲ ಚೆಂಡು ಮೇಲೇರಿ, ಎರಡನೆಯದು ಅಲ್ಲೇ ನಡುಗುತ್ತ, ಮೂರನೆಯದು ಕೆಳಗೇ ಕೂತಿರುವಂತೆ ಎಷ್ಟು ಹೊತ್ತು ಹೀರಲಾಗುತ್ತದೋ ಅಷ್ಟು ಹೊತ್ತು ಹೀರುವುದೇ ಸರಿಯಾದ ಕ್ರಮ. ಸಾಧನವನ್ನು ಓರೆ ಹಿಡಿದರೆ ಚೆಂಡು ಸುಲಭವಾಗಿ ಏರಿ ಮೋಸವಾಗುತ್ತದೆ. ಕಣ್ಣಿನ ಮಟ್ಟದಲ್ಲಿ ನೆಟ್ಟಗೆ ಹಿಡಿಯಿರಿ. ಬಾಯಿ ಹಾಕುವ ಭಾಗವನ್ನು ದಿನಾ ಸೋಪು, ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಸ್ಪೈರೋಮೀಟರ್ ಸಿಗದಿದ್ದರೆ ಕೊರಗಬೇಕಿಲ್ಲ. ಬರಿಯ ಆಳವಾದ ಉಸಿರು, ಕೆಮ್ಮು, ನಡಿಗೆ ಇಷ್ಟನ್ನು ನಿಯಮ ತಪ್ಪದೆ ಮಾಡಿದರೆ ಅದೇ ಫಲ ಸಿಗುತ್ತದೆ.

ಹತ್ತು ಉಸಿರಿನ ನಂತರ ಮೂರು ಕೆಮ್ಮು. ಹೊಲಿಗೆ ಬಿಚ್ಚಿಹೋಗುತ್ತದೆಂಬ ಹೆದರಿಕೆಯಿಂದಲೇ ಹೆಚ್ಚಿನವರು ಕೆಮ್ಮುವುದಿಲ್ಲ. ಒಂದು ಬೆಡ್‌ಶೀಟನ್ನು ದಪ್ಪಗೆ ಮಡಚಿ ಗಾಯದ ಮೇಲಿಟ್ಟು, ಎರಡೂ ಅಂಗೈಯಿಂದ ಗಟ್ಟಿಯಾಗಿ ಒತ್ತಿಕೊಂಡು, ಮಂಡಿ ಮಡಚಿ, ಸ್ವಲ್ಪ ಮುಂದೆ ಬಾಗಿ ಕೆಮ್ಮಲಿ. ಹಾಗೂ ಆಗದಿದ್ದರೆ, ಕನ್ನಡಕ ಒರೆಸಲು ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಡುತ್ತೇವಲ್ಲ, ಹಾಗೆ ಬಾಯಿ ತೆರೆದು ಎರಡು ಮೂರು ಸಲ ಒತ್ತಿ ಬಿಡಿಸಿ. ಕಫ ಗಂಟಲಿಗೆ ಬರುತ್ತದೆ, ಆಮೇಲೆ ಸಣ್ಣ ಕೆಮ್ಮು ಸಾಕು.

ಎಬ್ಬಿಸುವುದು ಡಾಕ್ಟರು ಒಪ್ಪಿದರೆ ಅದೇ ದಿನ ಸಂಜೆ, ತಪ್ಪಿದರೆ ಮರುದಿನ ಬೆಳಿಗ್ಗೆ. ಕೈ ಹಿಡಿದು ಮೇಲಕ್ಕೆ ಎಳೆಯಬೇಡಿ. ಹೊಟ್ಟೆಯ ಸ್ನಾಯು ಬಿಗಿದು ಕಿತ್ತುಬರುವಂಥ ನೋವಾಗುತ್ತದೆ. ಮಂಡಿ ಮಡಚಿಸಿ, ಇಡೀ ಮೈಯನ್ನು ಮರದ ದಿಮ್ಮಿಯ ಹಾಗೆ ಒಂದು ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಡುತ್ತಿದ್ದಂತೆ ಮೊಣಕೈ ಊರಿ ಅವರೇ ಏಳಲಿ. ನಿಮ್ಮ ಕೈ ಹೆಗಲ ಹಿಂದೆ ಇದ್ದರೆ ಸಾಕು. ಅಂಚಿನಲ್ಲಿ ಎರಡು ನಿಮಿಷ ಕೂತು, ತಲೆ ತಿರುಗುವುದಿಲ್ಲ ಎಂದಾದ ಮೇಲೆ ನಿಲ್ಲಿಸಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೇ ಇರಲಿ. ಆಪರೇಷನ್ ದಿನ ಒಟ್ಟು 2 ಗಂಟೆ, ಮರುದಿನದಿಂದ 6 ಗಂಟೆ ಹಾಸಿಗೆಯಿಂದ ಹೊರಗೆ ಇರಿಸುವ ಗುರಿ ಈಗ ಹಲವು ಕಡೆ ಇದೆ. ಕುರ್ಚಿಯಲ್ಲಿ ಕೂತಿದ್ದೂ ಲೆಕ್ಕಕ್ಕೆ ಬರುತ್ತದೆ.

ಮಲಗಿದಾಗ ತಲೆಯ ಕಡೆ ಸುಮಾರು 30 ಡಿಗ್ರಿ ಎತ್ತರ. ಕತ್ತಿನ ಕೆಳಗೆ ಮಾತ್ರ ಎರಡು ದಿಂಬು ತುರುಕಿದರೆ ಗದ್ದ ಎದೆಗೆ ತಾಗಿ ಹೊಟ್ಟೆ ಮಡಚಿಕೊಂಡು ಉಸಿರಿಗೆ ಇನ್ನೂ ಕಷ್ಟ. ಸೊಂಟದಿಂದಲೇ ಏರುವಂತೆ ದಿಂಬು ಜೋಡಿಸಿ.

ಹೆಪ್ಪಿನ ಇಂಜೆಕ್ಷನ್, 28 ದಿನ

ಕ್ಯಾನ್ಸರಿಗಾಗಿ ಹೊಟ್ಟೆ, ಸೊಂಟದ ದೊಡ್ಡ ಆಪರೇಷನ್ ಆದವರಿಗೆ ಹೆಪ್ಪು ತಡೆಯುವ ಇಂಜೆಕ್ಷನ್ನನ್ನು ಸುಮಾರು 28 ದಿನ ಮುಂದುವರಿಸುತ್ತಾರೆ. ಹೆಚ್ಚಾಗಿ ಕೊಡುವುದು ಎನಾಕ್ಸಪರಿನ್, ದಿನಕ್ಕೊಮ್ಮೆ 40 ಮಿ.ಗ್ರಾಂ, ತೂಕ, ಕಿಡ್ನಿ ನೋಡಿ ಪ್ರಮಾಣ ಬದಲಾಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇದು ಇಲ್ಲದಿದ್ದರೆ 'ಮನೆಯಲ್ಲಿ ಎಷ್ಟು ದಿನ ಕೊಡಬೇಕು?' ಎಂದು ನೀವೇ ಕೇಳಿ. ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೋ ಇಲ್ಲವೋ ಎಂದು ಕಾಯದೆ ಪೂರ್ತಿ ಕೋರ್ಸು ಕೊಂಡೇ ಬನ್ನಿ, ಅಲ್ಲೇ ನರ್ಸಿನ ಎದುರು ಒಂದು ಸಲ ಚುಚ್ಚಿ ಕಲಿತುಕೊಳ್ಳಿ.

ಹೊಟ್ಟೆಯ ಪಕ್ಕದಲ್ಲಿ, ಹೊಕ್ಕುಳಿನಿಂದ ಕನಿಷ್ಠ 5 ಸೆಂ.ಮೀ. ದೂರ, ಗಾಯ ಮತ್ತು ಕಲೆಗಳನ್ನು ಬಿಟ್ಟು ಜಾಗ ಆರಿಸಿ. ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಮಡಿಕೆ ಮಾಡಿ ಹಿಡಿದು, ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಿ, ನಿಧಾನ ಒತ್ತಿ, ಸೂಜಿ ಹೊರಬರುವ ತನಕ ಮಡಿಕೆ ಬಿಡಬೇಡಿ. ತುಂಬಿ ಬಂದ ಸಿರಿಂಜಿನಲ್ಲಿ ಕಾಣುವ ಗಾಳಿಗುಳ್ಳೆಯನ್ನು ಹೊರಹಾಕಲು ಹೋಗಬೇಡಿ. ಅದರ ಜೊತೆ ಔಷಧವೂ ಚೆಲ್ಲುತ್ತದೆ. ಚುಚ್ಚಿದ ಜಾಗ ಉಜ್ಜಿದರೆ ದೊಡ್ಡ ನೀಲಿ ಕಲೆ ಏಳುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡುವ ಹಾಗಿಲ್ಲ. ಫ್ರೀಜರಿನಲ್ಲಿ ಇಡಬೇಡಿ. ಕಪ್ಪು ಮಲ, ಯೋನಿಯಿಂದ ಜೋರು ರಕ್ತ, ನಿಲ್ಲದ ಮೂಗಿನ ರಕ್ತ ಕಂಡರೆ ಮುಂದಿನ ಡೋಸಿಗೆ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಮನೆಗೆ ಬರುವ ದಾರಿ

ಉಡುಪಿಯಿಂದ ಕಾರವಾರಕ್ಕೆ 200 ಕಿ.ಮೀ.ಗೂ ಹೆಚ್ಚು, ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು 100. ಕರಾವಳಿಯಿಂದ ದೇವಿಮನೆ ಘಟ್ಟ ಹತ್ತಿ ಬರುವುದಾದರೆ ಇನ್ನೂ ನಿಧಾನ. ಕಾಲು ಇಳಿಬಿಟ್ಟು ಅಲ್ಲಾಡದೆ ಕೂರುವ ಈ ಹೊತ್ತು ಹೆಪ್ಪಿಗೆ ಒಳ್ಳೆಯ ಅವಕಾಶ. ಆ ದಿನದ ಇಂಜೆಕ್ಷನ್ ತಪ್ಪಿಸದೆ ಹೊರಡಿ. ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿ. ಕೂತಲ್ಲೇ ಪಾದವನ್ನು ಬ್ರೇಕ್ ತುಳಿದ ಹಾಗೆ ಮೇಲೆ ಕೆಳಗೆ 20 ಸಲ ಆಡಿಸಲಿ. ಸೀಟ್ ಬೆಲ್ಟ್ ಮತ್ತು ಹೊಟ್ಟೆಯ ನಡುವೆ ಸಣ್ಣ ದಿಂಬು ಇರಲಿ. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ನೀರು ಕುಡಿಯದೆ ಬರುವವರಿದ್ದಾರೆ. ಮೈ ಒಣಗಿದರೆ ರಕ್ತ ದಪ್ಪವಾಗುತ್ತದೆ, ಕಫವೂ ಅಂಟಾಗುತ್ತದೆ.

ಮನೆಯಲ್ಲಿ

ನೆಲದ ಹಾಸಿಗೆ ಬೇಡ, ಒಂದು ಮಂಚ ಹೊಂದಿಸಿ. ನೆಲದಿಂದ ಏಳುವ ನೋವಿಗೆ ಹೆದರಿ ಏಳುವುದನ್ನೇ ಬಿಟ್ಟುಬಿಡುತ್ತಾರೆ. ನಡಿಗೆ ದಿನಕ್ಕೆ ನಾಲ್ಕೈದು ಸಲ, ಮೊದಲು ಐದೈದು ನಿಮಿಷ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ಜಗಲಿಯ ಉದ್ದಕ್ಕೆ ನಡೆದರೂ ಸರಿ. ಮಾತಾಡುತ್ತ ನಡೆಯಲು ಆಗುವಷ್ಟು ವೇಗ ಇರಲಿ. ಬಚ್ಚಲ ಒಲೆಯ ಹೊಗೆ ಬರುವ ಕೋಣೆ, ಹೊಗೆಯಲ್ಲಿ ಬಟ್ಟೆ ಒಣಗಿಸುವ ಜಾಗ, ಸೊಳ್ಳೆ ಬತ್ತಿ, ಧೂಪ ಇವರಿಂದ ದೂರ. ಸೊಳ್ಳೆಗೆ ಪರದೆ ಕಟ್ಟಿ. ಬಿಸಿನೀರಿನ ಪಾತ್ರೆಗೆ ಬಾಗಿ ಹಬೆ ತೆಗೆದುಕೊಂಡರೆ ಮುದುಡಿದ ಶ್ವಾಸಕೋಶ ಬಿಚ್ಚುವುದಿಲ್ಲ, ಪಾತ್ರೆ ಮಗುಚಿ ಹೊಟ್ಟೆ ತೊಡೆ ಸುಟ್ಟುಕೊಳ್ಳುವ ಅಪಾಯ ಮಾತ್ರ ಖಚಿತ.

ಊಟದ ವಿಷಯದಲ್ಲಿ 'ನಂಜು' ಎಂಬ ಹೆದರಿಕೆ ಬಹಳ ಹಾನಿ ಮಾಡುತ್ತದೆ. ಮೀನು ನಂಜು, ಮೊಟ್ಟೆ ನಂಜು, ಬೇಳೆ ವಾಯು ಎಂದು ತಿಂಗಳು ಪೂರ್ತಿ ಗಂಜಿ, ಉಪ್ಪಿನಕಾಯಿಯಲ್ಲೇ ಕಳೆಯುವವರಿದ್ದಾರೆ. ಕೆಮ್ಮಲು ಬೇಕಾದದ್ದು ಸ್ನಾಯುವಿನ ಬಲ, ಅದಕ್ಕೆ ಬೇಕಾದದ್ದು ಪ್ರೋಟೀನು: ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ. 50 ಕೆ.ಜಿ. ತೂಕದವರಿಗೆ 60ರಿಂದ 75 ಗ್ರಾಂ ಆಯಿತು. ಎರಡು ಮೊಟ್ಟೆಯಿಂದ 12 ಗ್ರಾಂ, 100 ಗ್ರಾಂ ಬಂಗಡೆಯಿಂದ 18ರ ಆಸುಪಾಸು, ಒಂದು ಹಿಡಿ ಹೆಸರುಕಾಳಿನಿಂದ 8ರಷ್ಟು; ಉಳಿದದ್ದು ಬೇಳೆ, ಹಾಲು, ಮಜ್ಜಿಗೆ, ಅನ್ನದಿಂದ. ಮೀನು ತಿನ್ನದ ಮನೆಯಲ್ಲಿ ಕಾಳು, ಪನೀರು ಹೆಚ್ಚಾಗಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ನಿರ್ಧರಿಸಿ. ಸ್ವಲ್ಪ ಸ್ವಲ್ಪವಾಗಿ ಆರು ಸಲ, ನೆಟ್ಟಗೆ ಕೂತು. ಉಂಡಮೇಲೆ ಅರ್ಧ ಗಂಟೆ ಮಲಗಬಾರದು.

ಕಾಲಿಗೆ ಎಣ್ಣೆ ಹಚ್ಚಿ ನೀವುವುದನ್ನು ಈ ತಿಂಗಳು ಪೂರ್ತಿ ಬಿಡಿ. ಅತ್ತೆ, ದೊಡ್ಡಮ್ಮ ಬಂದು 'ಕಾಲು ಜೋಮು ಹಿಡಿದಿದೆ, ತಿಕ್ಕುತ್ತೇನೆ' ಎಂದರೂ ತಡೆಯಿರಿ. ಮೀನಖಂಡದಲ್ಲಿ ಹೆಪ್ಪು ಇದ್ದರೆ ಅದನ್ನು ಕೈಯಾರೆ ಬಿಡಿಸಿ ಎದೆಗೆ ಕಳಿಸಿದಂತಾಗುತ್ತದೆ.

ದಿನಾ ನೋಡಬೇಕಾದದ್ದು, ಓಡಬೇಕಾದದ್ದು

ಬೆಳಿಗ್ಗೆ ಸಂಜೆ ನಾಲ್ಕು ಅಂಕಿ ಬರೆದಿಡಿ: ಜ್ವರ, ನಾಡಿ, ಒಂದು ಪೂರ್ತಿ ನಿಮಿಷ ಎಣಿಸಿದ ಉಸಿರು, ಪಲ್ಸ್ ಆಕ್ಸಿಮೀಟರಿನ ಓದು. ಉಸಿರು ಎಣಿಸುವಾಗ ಅವರಿಗೆ ತಿಳಿಯಬಾರದು. ತಿಳಿದರೆ ಲಯ ಬದಲಾಗುತ್ತದೆ, ನಾಡಿ ಹಿಡಿದವರಂತೆ ಕೈ ಹಿಡಿದುಕೊಂಡು ಎದೆ ನೋಡಿ. ವಿಶ್ರಾಂತಿಯಲ್ಲಿ 12ರಿಂದ 20 ಸಹಜ. ಆಕ್ಸಿಮೀಟರಿಗೆ ಉಗುರುಬಣ್ಣ, ಗಾಢ ಮೆಹೆಂದಿ, ತಣ್ಣಗಿನ ಬೆರಳು ಆಗದು; ಬೆರಳು ಬೆಚ್ಚಗೆ ಮಾಡಿ ಒಂದು ನಿಮಿಷ ಕಾದು ಓದಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ, ಹಳದಿ ಹಸಿರು ಕಫ ಬಂದರೆ, ಆಕ್ಸಿಜನ್ 94ಕ್ಕಿಂತ ಕೆಳಗೇ ನಿಂತರೆ, ಚಪ್ಪಟೆ ಮಲಗಿದ ಕೂಡಲೇ ಉಬ್ಬಸ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಊದಿಕೊಂಡು ಬಿಸಿಯಾದರೂ ಅಷ್ಟೇ: ಮಂಡಿಯ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿಗೆ ಟೇಪು ಸುತ್ತಿ, 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ನೋಡುವ ಡಾಪ್ಲರ್ ಸ್ಕ್ಯಾನ್ ಬೇಕು. ಸೊಂಟದೊಳಗಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದವರಿಗೆ ಕಾಲು ಊದುವುದು ಬೇರೆ ಕಾರಣಕ್ಕೂ ಉಂಟು, ಆದರೆ ಅದನ್ನು ಮನೆಯಲ್ಲಿ ತೀರ್ಮಾನಿಸುವಂತಿಲ್ಲ. ಲ್ಯಾಪರೋಸ್ಕೋಪಿ ಆದವರಿಗೆ ಎರಡು ಮೂರು ದಿನ ಹೆಗಲು ನೋಯುವುದು ಉಳಿದ ಗಾಳಿ ವಪೆಯನ್ನು ಕೆಣಕುವುದರಿಂದ. ಜೊತೆಗೆ ಏದುಸಿರು ಇಲ್ಲದಿದ್ದರೆ ಗಾಬರಿ ಬೇಡ.

ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತೆ ನೋವು, ಕೆಮ್ಮಿದಾಗ ರಕ್ತ, ತಲೆ ಸುತ್ತಿ ಬೀಳುವುದು, ನಿಮಿಷಕ್ಕೆ 25ಕ್ಕಿಂತ ಹೆಚ್ಚು ಉಸಿರು, ಆಕ್ಸಿಜನ್ 90ರ ಕೆಳಗೆ, ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಫೋನ್ ಮಾಡಿ. ಆಕ್ಸಿಜನ್ 96 ತೋರಿಸುತ್ತಿದೆ ಎಂದು ಸಮಾಧಾನ ಪಡಬೇಡಿ. ಶ್ವಾಸಕೋಶದಲ್ಲಿ ಹೆಪ್ಪು ಇದ್ದಾಗಲೂ ಕೆಲವೊಮ್ಮೆ ಅಂಕಿ ಸರಿಯಾಗೇ ಇರುತ್ತದೆ. ಆಂಬುಲೆನ್ಸ್ ಬರುವವರೆಗೆ ಒರಗಿಸಿ ಕೂರಿಸಿ. ನಡೆಸಬೇಡಿ, ತಿನ್ನಲು ಕೊಡಬೇಡಿ, ಮೆಟ್ಟಿಲು ಇದ್ದರೆ ಕುರ್ಚಿಯಲ್ಲಿ ಎತ್ತಿಕೊಂಡೇ ಇಳಿಸಿ.

ಹೆಪ್ಪನ್ನು ಖಚಿತಪಡಿಸುವುದು ಬಣ್ಣದ ಔಷಧ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಆಪರೇಷನ್ ಆದವರಲ್ಲಿ, ಕ್ಯಾನ್ಸರ್ ಇದ್ದವರಲ್ಲಿ ಹೇಗೂ ಹೆಚ್ಚೇ ಬರುತ್ತದೆ, ಅದನ್ನು ನಂಬಿ ಕೂರಲಾಗದು. ಹಾಗಾಗಿ ನಿಮ್ಮ ಮನೆಗೆ ಹತ್ತಿರದಲ್ಲಿ ರಾತ್ರಿಯೂ ಸಿ.ಟಿ., ಐ.ಸಿ.ಯು. ಇರುವ ಆಸ್ಪತ್ರೆ ಯಾವುದೆಂದು ಡಿಸ್ಚಾರ್ಜ್ ಆಗುವ ಮೊದಲೇ ವಿಚಾರಿಸಿ, ಅದರ ಫೋನ್ ನಂಬರನ್ನು ಗೋಡೆಗೆ ಅಂಟಿಸಿ. ಡಿಸ್ಚಾರ್ಜ್ ಚೀಟಿ, ಕಿಡ್ನಿ ಹೇಗಿದೆ ಎಂದು ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟು, ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದ್ದು ಎಂದು ಬರೆದ ಹಾಳೆ, ಇವು ಮೂರೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹಿಂದೆ ನೇತಾಡುತ್ತಿರಲಿ. ಅಲ್ಲಿಯ ಡಾಕ್ಟರು ಮೊದಲು ಕೇಳುವುದು ಇವನ್ನೇ.